ಬಹುವಚನದ ಸೊಸೆ

ಮದುವೆಯಾದ ಹೊಸತರಲ್ಲಿ ಕಂಡಕ್ಟರಮ್ಮನಿಗೆ ತನ್ನ ಅದೃಷ್ಟವನ್ನು ಎಷ್ಟು ಹೊಗಳಿಕೊಂಡರೂ ಸಾಲುತ್ತಿರಲಿಲ್ಲ. ಡಿಪೋದ ಹೆಂಗಸರು ವಿಶ್ರಾಂತಿ ಕೋಣೆಯಲ್ಲಿ ಕೂತು ಅತ್ತೆಯರ ಕಾಟ ಹೇಳಿಕೊಂಡು ಮೂಗು ಒರೆಸಿಕೊಳ್ಳುವಾಗ ಇವಳು ಟಿಕೆಟ್ ಮೆಷಿನ್ನಿಗೆ ಹೊಸ ಸುರುಳಿ ತುರುಕುತ್ತ, "ನಮ್ಮತ್ತೆ ನನ್ನನ್ನ ಬನ್ನಿ ಹೋಗಿ ಅಂತಾನೇ ಮಾತಾಡಿಸೋದು. ಇವತ್ತಿನವರೆಗೂ ಏಕವಚನ ಕೇಳಿಲ್ಲ" ಎನ್ನುತ್ತಿದ್ದಳು. ಕೇಳಿದವರು ಹೊಟ್ಟೆ ಉರಿಸಿಕೊಳ್ಳುತ್ತಿದ್ದರು. ಅದು ಅವಳಿಗೆ ಬೇಕೂ ಇತ್ತು.

ಅವಳು ಹುಟ್ಟಿ ಬೆಳೆದದ್ದು ಡಿಪೋ ಹಿಂದಿನ ನೌಕರರ ವಸತಿಯಲ್ಲಿ. ಅಪ್ಪ ಡ್ರೈವರ್, ಅಣ್ಣಂದಿರು ಮೆಕ್ಯಾನಿಕ್‌ಗಳು, ಅಕ್ಕ ಮದುವೆಯಾದ ಮೇಲೂ ಎದುರು ಮನೆಯಲ್ಲೇ ಇದ್ದಳು. ಆ ಮನೆಯಲ್ಲಿ ಬೇಡವಾದದ್ದನ್ನು ಬೇಡ ಎಂದು ಕಿರುಚುತ್ತಿದ್ದರು. ಹಾಳಾಗಿ ಹೋಗು ಎಂದ ಬಾಯಲ್ಲೇ ಊಟ ಆರಿಹೋಗ್ತಿದೆ ಬಾ ಎನ್ನುತ್ತಿದ್ದರು. ಅವಳ ಗಂಟಲೂ ಅಂಥದ್ದೇ. ಹಿಂಬಾಗಿಲಲ್ಲಿ ನಿಂತು ಅವಳು "ರೈಟ್" ಎಂದರೆ ಸೀಟಿಯ ಅಗತ್ಯವಿರಲಿಲ್ಲ.

ಗಂಡ ಅವಳ ಬಸ್ಸಿನ ಪ್ರಯಾಣಿಕನಾಗಿದ್ದವನು. ಹಾರ್ಡ್‌ವೇರ್ ಅಂಗಡಿಯವರ ಕಿರಿಯ ಮಗ. ಕೈಚೀಲದಲ್ಲಿ ಕೀಲು, ಚಿಲಕ, ಸ್ಕ್ರೂಗಳ ಮಾದರಿ ಹೊತ್ತು ಹೊಸ ಕಟ್ಟಡಗಳ ಹತ್ತಿರ ಇಳಿಯುತ್ತಿದ್ದ. ಮಾತು ಕಡಿಮೆ. ಸೀಟು ಖಾಲಿಯಿದ್ದರೂ ಅವಳ ಹತ್ತಿರವೇ ಕಂಬ ಹಿಡಿದು ನಿಲ್ಲುತ್ತಿದ್ದ. ಒಂದು ದಿನ ಅವಳೇ, "ಹೀಗೆ ಕಂಬ ಹಿಡ್ಕೊಂಡೇ ಮುದುಕ ಆಗ್ತೀರೋ ಅಥವಾ ಏನಾದ್ರೂ ಹೇಳ್ತೀರೋ?" ಎಂದು ಇಡೀ ಬಸ್ಸಿಗೆ ಕೇಳುವಂತೆ ಕೇಳಿಬಿಟ್ಟಳು. ಮದುವೆಯಾಯಿತು.

ಕೆಳಗೆ ಅಂಗಡಿ, ಮೇಲೆ ಮನೆ. ಮಾವ ತೀರಿಹೋಗಿದ್ದರು. ಅಂಗಡಿಯನ್ನು ಗಂಡನ ಅಣ್ಣನಾದ ಭಾವ ನೋಡಿಕೊಳ್ಳುತ್ತಿದ್ದ, ಅವನನ್ನು ಅತ್ತೆ ನೋಡಿಕೊಳ್ಳುತ್ತಿದ್ದರು. ಅತ್ತೆಯ ಧ್ವನಿ ಒಂದು ಕೋಣೆಯಿಂದ ಇನ್ನೊಂದಕ್ಕೆ ದಾಟಿದ್ದನ್ನು ಯಾರೂ ಕೇಳಿರಲಿಲ್ಲ. ಸೊಸೆ ಡ್ಯೂಟಿ ಮುಗಿಸಿ ಬಂದರೆ ಕಿಟಕಿಯ ಪಕ್ಕದ ಕುರ್ಚಿ ತೋರಿಸಿ, "ಕೂತ್ಕೊಳ್ಳಿ, ದಣಿದಿರ್ತೀರಿ" ಎನ್ನುತ್ತಿದ್ದರು. ಅಡುಗೆಮನೆಗೆ ಕಾಲಿಟ್ಟರೆ, "ನಿಮಗ್ಯಾಕೆ ತೊಂದ್ರೆ?" ಎಂದು ಕೈಯಲ್ಲಿದ್ದ ಪಾತ್ರೆಯನ್ನು ನಯವಾಗಿ ಇಸಿದುಕೊಳ್ಳುತ್ತಿದ್ದರು. ಅದೇ ಹಿರಿಸೊಸೆಗೆ, ಅಂದರೆ ಇವಳ ಓರಗಿತ್ತಿಗೆ, ಬೆಳಗಿನಿಂದ ಬೈಗುಳ. "ಎಲ್ಲಿ ಸತ್ತಿದ್ದೆ? ಹಾಲು ಉಕ್ಕಿದ್ದು ಕಾಣಲ್ವಾ ನಿನಗೆ?" ಬೈಯುವುದೂ ಮೆತ್ತಗೆ, ಸೂಜಿ ಚುಚ್ಚಿದ ಹಾಗೆ. ಕಂಡಕ್ಟರಮ್ಮನಿಗೆ ಓರಗಿತ್ತಿಯ ಮೇಲೆ ಕನಿಕರ. ಆ ಕನಿಕರದಲ್ಲಿ ಸ್ವಲ್ಪ ಜಂಬವೂ ಬೆರೆತಿತ್ತು.

ಅವಳು ಒಳಗೆ ಬಂದ ತಕ್ಷಣ ಊಟದ ಮೇಜಿನ ಮಾತು ಸೆಕೆಯ ಕಡೆಗೆ ತಿರುಗುವುದನ್ನು ಗಮನಿಸಿದ್ದಳು. ಈ ಮನೆಯವರಿಗೆ ಸೆಕೆ ಜಾಸ್ತಿ ಎಂದುಕೊಂಡು ಸುಮ್ಮನಿದ್ದಳು.

ಒಂದು ಮಧ್ಯಾಹ್ನ ಡ್ಯೂಟಿ ಮುಗಿಸಿ ಬರುವಾಗ ಅಂಗಡಿಯ ಮುಂದೆ ಲಾರಿ ನಿಂತಿತ್ತು. ಅದರ ತುಂಬ ಕಬ್ಬಿಣದ ರ‍್ಯಾಕುಗಳು. ಹಗ್ಗ ಬಿಗಿಯುತ್ತಿದ್ದ ಲಾರಿಯವನು ಅವಳ ಖಾಕಿ ನೋಡಿ ಗುರುತು ಹಿಡಿದು, "ಏನಮ್ಮಾ, ಹೊಸ ಅಂಗಡಿಗೆ ನೀವೂ ಹೊರಟ್ರಾ? ನಿಮ್ಮ ಯಜಮಾನ್ರು ಮುಂದಿನ ವಾರದಿಂದ ಅಲ್ಲೇ ಅಂತಲ್ಲ" ಎಂದ.

"ಯಾವ ಹೊಸ ಅಂಗಡಿ?"

ಲಾರಿಯವನು ನಾಲಿಗೆ ಕಚ್ಚಿಕೊಂಡು ಮತ್ತೆ ಹಗ್ಗಕ್ಕೆ ಕೈಹಾಕಿದ.

ಅವಳು ನೇರ ಅಂಗಡಿಗೆ ನುಗ್ಗಿದಳು. ಗಿರಾಕಿಗಳಿದ್ದರು. "ಊರಿಗೆಲ್ಲ ಗೊತ್ತಿದೆ, ಲಾರಿ ಡ್ರೈವರಿಗೂ ಗೊತ್ತಿದೆ. ನನ್ನ ಗಂಡ ಎಲ್ಲಿ ಕೆಲಸ ಮಾಡ್ತಾನೆ ಅಂತ ನನಗೆ ಹೇಳೋಕೆ ನಿಮಗೇನಾಗಿತ್ತು?" ಎಂದಳು. ಭಾವ ತಕ್ಕಡಿಯಿಂದ ಕಣ್ಣೆತ್ತಲಿಲ್ಲ. ಮೊಳೆ ತೂಗಿ, ಪೊಟ್ಟಣ ಕಟ್ಟಿ, ಗಿರಾಕಿಗೆ ಕೊಟ್ಟ. ಗಂಡ ಏಣಿಯ ಮೇಲಿದ್ದ, ಕೆಳಗಿಳಿಯಲಿಲ್ಲ. ಅವಳ ಧ್ವನಿ ಏರಿದಷ್ಟೂ ಅಂಗಡಿ ತಣ್ಣಗಾಯಿತು. ಕೊನೆಗೆ ಅತ್ತೆ ಒಳಮೆಟ್ಟಿಲಲ್ಲಿ ಕಾಣಿಸಿಕೊಂಡು, "ಮೇಲೆ ಬನ್ನಿ. ಟೀ ಆರ್ತಾ ಇದೆ" ಎಂದರು.

ಮೇಲೆ ಟೀ ಇತ್ತು, ಉತ್ತರ ಇರಲಿಲ್ಲ. ಗಂಡ ಕೋಣೆಯ ಬಾಗಿಲು ಹಾಕಿಕೊಂಡು, "ನಿನಗೆ ಹೇಳಿದ್ರೆ ಡಿಪೋಗೆಲ್ಲ ಗೊತ್ತಾಗತ್ತೆ ಅಂತ ಅಮ್ಮ..." ಎಂದು ಅರ್ಧಕ್ಕೆ ನಿಲ್ಲಿಸಿದ.

"ಅಮ್ಮ ಹೇಳಿದ್ರು. ನೀನು?"

ಅವನು ಅಂಗಿ ಮಡಚಿಡುತ್ತ ನಿಂತ.

ಮರುದಿನ ಓರಗಿತ್ತಿ ತಾರಸಿಯ ಮೇಲೆ ಬಟ್ಟೆ ಹಿಂಡಿ ಹರವುತ್ತಿದ್ದಳು. ಕಂಡಕ್ಟರಮ್ಮ ಬಕೆಟ್ಟಿನ ಇನ್ನೊಂದು ತುದಿ ಹಿಡಿದು, "ಅಕ್ಕಾ, ಇಂಥ ಮನೇಲಿ ಹೇಗೆ ಬಾಳ್ತೀಯ? ನನಗೇ ಹೀಗೆ ಮಾಡಿದ್ರೆ, ದಿನಾ ಬೈಸಿಕೊಳ್ಳೋ ನಿನ್ನ ಪಾಡೇನು, ಪಾಪ" ಎಂದಳು.

ಓರಗಿತ್ತಿ ಕ್ಲಿಪ್ಪನ್ನು ಬಾಯಿಂದ ತೆಗೆದಳು. ಅವಳು ನಕ್ಕದ್ದನ್ನು ಕಂಡಕ್ಟರಮ್ಮ ನೋಡಿದ್ದು ಅದೇ ಮೊದಲು.

"ನನಗೆ ಪಾಪ ಅನ್ನಬೇಡಿ. ನಿಮ್ಮನ್ನ ಬೈಯಲ್ಲ ಅಂತ ಖುಷಿಯಾಗಿದ್ದೀರಾ? ಈ ಮನೇಲಿ ಬೈಯೋದು ಮನೆಯವರಿಗೆ. ಬನ್ನಿ ಹೋಗಿ ಅನ್ನೋದು ಬಂದು ಹೋಗೋರಿಗೆ. ನನಗೂ ಮೊದಲು ಹಾಗೇ ಅಂತಿದ್ರು. ಹೀಗೇ ಒಂದು ದಿನ ಕತ್ತೆ ಅಂದ್ರು. ಅವತ್ತು ರೂಮಿಗೆ ಹೋಗಿ ಸಮಾಧಾನವಾಗಿ ನಿದ್ದೆ ಮಾಡಿದೆ."

"ನನಗೆ ಮೊದಲೇ ಹೇಳಬಹುದಿತ್ತಲ್ಲ."

"ನಾನ್ಯಾಕೆ ಹೇಳಲಿ? ನೀವು ಕೂತ ಕುರ್ಚಿ ಒರೆಸೋಳು ನಾನು. ನೀವು ತೊಳೆದಿಟ್ಟ ಲೋಟ ಇದೆಯಲ್ಲ, ನೀವು ಡ್ಯೂಟಿಗೆ ಹೋದಮೇಲೆ ಅಮ್ಮ ಅದನ್ನ ನನ್ನ ಕೈಲಿ ಮತ್ತೆ ತೊಳೆಸ್ತಾರೆ."

ಓರಗಿತ್ತಿ ಇದನ್ನು ಉಪಕಾರಕ್ಕೆಂದು ಹೇಳಿರಲಿಲ್ಲ. ನೋಯಿಸಲೆಂದೇ ಹೇಳಿದ್ದಳು, ಗುರಿ ತಪ್ಪಿರಲಿಲ್ಲ. ಅವತ್ತು ಬಸ್ಸಿನಲ್ಲಿ ಕಂಡಕ್ಟರಮ್ಮ ಯಾರ್ಯಾರ ಮೇಲೋ ಹರಿಹಾಯ್ದಳು. ಕಿಟಕಿ ಮುಚ್ಚದ ಒಬ್ಬ ಮುದುಕನನ್ನು ಅಳುವಷ್ಟು ಬೈದಳು. ಅವಳ ತಲೆಯಲ್ಲಿ ಆ ಮನೆಯ ಒಂದೊಂದು ಮಾತೂ ಒಳಮೈ ಹೊರಮೈ ತಿರುಗಿ ಬೀಳುತ್ತಿತ್ತು. ತೊಂದ್ರೆ ಯಾಕೆ ಎಂದರೆ ಮುಟ್ಟಬೇಡ. ನೋಡೋಣ ಎಂದರೆ ಆಗುವುದಿಲ್ಲ. ದಣಿದಿರ್ತೀರಿ ಎಂದರೆ ಬೀದಿ ಸುತ್ತಿ ಬಂದಿದ್ದೀಯ.

ಆ ವಾರದ ರಜೆಯ ದಿನ ಅತ್ತೆ ಏಳುವ ಮೊದಲೇ ಅವಳು ಅಡುಗೆಮನೆ ಹೊಕ್ಕಳು. ಅತ್ತೆ ಬಂದು ಬಾಗಿಲಲ್ಲಿ ನಿಂತರು. "ಇಡಿ ಅದನ್ನ. ನಿಮಗ್ಯಾಕೆ ತೊಂದ್ರೆ?"

"ತೊಂದ್ರೆ ಏನಿಲ್ಲ ಅತ್ತೆ."

ಅವಳು ಎಲ್ಲರಿಗೂ ಸಾಕಾಗುವಷ್ಟು ಅಡುಗೆ ಮಾಡಿದಳು. ಮೇಜಿಗೆ ಬಂದವರು ಅತ್ತೆಯ ಮುಖ ನೋಡಿದರು. ಅತ್ತೆ ಬೇಕರಿಯಿಂದ ಬ್ರೆಡ್ ತರಿಸಿದರು. ಎಲ್ಲರೂ ಒಣ ಬ್ರೆಡ್ ತಿಂದು, ಚೆನ್ನಾಗಿದೆ ಎಂದು ಎದ್ದರು. ಗಂಡ ಮಾತ್ರ ಅವಳ ಅಡುಗೆಯಲ್ಲಿ ಒಂದು ತುತ್ತು ಬಡಿಸಿಕೊಂಡ, ತಿನ್ನುವಾಗ ಯಾರ ಕಣ್ಣಿಗೂ ಬೀಳಬಾರದೆಂಬಂತೆ ತಲೆ ತಗ್ಗಿಸಿದ. ಅವಳು ಪಾತ್ರೆಯನ್ನು ಹೊತ್ತುಕೊಂಡು ಡಿಪೋಗೆ ಹೋದಳು. ಅಲ್ಲಿ ಅದು ಕ್ಷಣದಲ್ಲಿ ಖಾಲಿಯಾಯಿತು. ಮುಂದಿನ ರಜೆಗೆ ಮತ್ತೆ ಮಾಡಿದಳು, ಮತ್ತೆ ಬ್ರೆಡ್ ಬಂತು. ಡಿಪೋದವರು ಇವಳ ರಜೆಯ ದಿನಕ್ಕೆ ಕಾಯತೊಡಗಿದರು.

ಹೀಗೇ ಒಂದು ರಜೆಯ ದಿನ ಅತ್ತೆ ಎಂದಿನ ಮೆಲುದನಿಯಲ್ಲಿ, "ನಿಮ್ಮ ಕಡೆಯವರಿಗೆ ಇಷ್ಟೊಂದು ಖಾರ ಅಭ್ಯಾಸ ಇರಬಹುದು" ಎಂದರು.

ಕಂಡಕ್ಟರಮ್ಮ ಸೌಟು ಕೆಳಗಿಟ್ಟಳು. "ನಿನಗೆ ನನ್ನ ಕಂಡ್ರೆ ಆಗಲ್ಲ. ಅದನ್ನ ಬಾಯಿ ಬಿಟ್ಟು ಹೇಳು."

ಆ ಮನೆಯಲ್ಲಿ ಅತ್ತೆಯನ್ನು ನೀನು ಎಂದವರು ಯಾರೂ ಇರಲಿಲ್ಲ, ಹೆತ್ತ ಮಕ್ಕಳೂ ಸಹ. ಓರಗಿತ್ತಿ ಒರೆಸುತ್ತಿದ್ದ ತಟ್ಟೆಯನ್ನು ಎದೆಗೆ ಒತ್ತಿಕೊಂಡಳು. ಅತ್ತೆ ಒಂದು ಹೆಜ್ಜೆ ಮುಂದೆ ಬಂದರು.

"ನಾಲಿಗೆ ಬಿಗಿ ಹಿಡಿದು ಮಾತಾಡು" ಎಂದರು. ಧ್ವನಿ ಕೆಳಗೆ ಅಂಗಡಿಗೂ ಕೇಳಿಸಿತು. "ಯಾರು ಅಂದ್ಕೊಂಡೆ ನನ್ನ? ನಿನ್ನ ಬಸ್ಸಿನ ಪ್ಯಾಸೆಂಜರಾ? ಹೌದು, ಆಗಲ್ಲ. ನೀನು ಮೆಟ್ಟಿಲು ಹತ್ತಿದ ದಿನದಿಂದ ಆಗಲ್ಲ. ಹತ್ತು ಜನರ ಎದುರು ಕೂಗಿ ಗಂಡನ್ನ ಹಿಡಿದವಳು ನೀನು. ನನ್ನ ಮಗನಿಗೆ ಬೇಡ ಅನ್ನೋಕೆ ಬರಲ್ಲ. ಆ ಸಣ್ಣವನು ಹುಟ್ಟಿದಾಗಿನಿಂದ ಹಾಗೇ. ನೀನು ಅದನ್ನೇ ಹೌದು ಅಂದ್ಕೊಂಡೆ."

ಕೊನೆಯ ಮಾತು ಕಂಡಕ್ಟರಮ್ಮನಿಗೆ ಎಲ್ಲಿ ತಾಗಬೇಕೋ ಅಲ್ಲಿ ತಾಗಿತು. ಆದರೂ ಅವಳು ಬಿಡಲಿಲ್ಲ. ಲಾರಿಯ ವಿಷಯ, ಲೋಟದ ವಿಷಯ, ಸೆಕೆಯ ವಿಷಯ ಎಲ್ಲವನ್ನೂ ಹೊರಗೆಳೆದಳು. ಅತ್ತೆಯೂ ಖಾಕಿಯಿಂದ ಹಿಡಿದು ಅವಳ ಅಣ್ಣಂದಿರ ನಗುವಿನವರೆಗೆ ಏನನ್ನೂ ಉಳಿಸಲಿಲ್ಲ. ಭಾವ ಗಿರಾಕಿಗಳನ್ನು ಕಳಿಸಿ ಅಂಗಡಿಯ ಶಟರ್ ಎಳೆದ. ಜಗಳ ಮುಗಿದದ್ದು ಇಬ್ಬರ ಗಂಟಲೂ ಕಟ್ಟಿದ ಮೇಲೆಯೇ. ಅತ್ತೆ ಹೋಗಿ ಮಲಗಿದರು. ಕಂಡಕ್ಟರಮ್ಮನಿಗೆ ಗೆದ್ದೆನೆಂದೂ ಅನಿಸಲಿಲ್ಲ, ಸೋತೆನೆಂದೂ ಅನಿಸಲಿಲ್ಲ. ತನ್ನನ್ನು ದ್ವೇಷಿಸುವವರು ಎದುರಿಗೆ ಬಂದು ನಿಂತರಲ್ಲ ಎಂಬ ಒಂದು ಬಗೆಯ ನೆಮ್ಮದಿ ಮಾತ್ರ ಇತ್ತು.

ಅದಾದ ವಾರದಲ್ಲೇ ಗಂಡಹೆಂಡತಿ ಹೊಸ ಅಂಗಡಿಯ ಹಿಂದಿನ ಕೋಣೆಗಳಿಗೆ ಸಾಮಾನು ಸಾಗಿಸಿದರು. ಹೊರಡುವಾಗ ಅತ್ತೆ ಬಾಗಿಲಿಗೆ ಬರಲಿಲ್ಲ.

ಅಲ್ಲಿ ಪೇಂಟ್ ಡಬ್ಬಿಗಳ ವಾಸನೆಯ ನಡುವೆ ಒಲೆ ಹೂಡಿದ ಮೇಲೆ ಅವಳು ಗಂಡನನ್ನು ಕೇಳಿದಳು, "ಅಮ್ಮ ಹೇಳಿದ್ದು ನಿಜಾನಾ? ನಿನಗೆ ಬೇಡ ಅನ್ನೋಕೆ ಬರದೆ ಮದುವೆ ಆದೆಯಾ?"

"ಅಲ್ಲ" ಎಂದ. ಡಬ್ಬಿಯೊಂದನ್ನು ಸರಿಸಿ ಕೂತು, "ನಿಮ್ಮ ಮನೇಲಿ ಮಾತ್ರ ನನಗೆ ಬೇಡ ಅನ್ನೋಕೆ ಜಾಗ ಸಿಕ್ಕಿಲ್ಲ" ಎಂದ.

"ನಮ್ಮ ಮನೇಲಿ? ನಮ್ಮಲ್ಲಿ ಯಾರು ಏನು ಬೇಕಾದ್ರೂ ಹೇಳಬಹುದು."

"ಜೋರಾಗಿ ಹೇಳೋಕೆ ಬಂದ್ರೆ. ನಿನ್ನ ಅಣ್ಣಂದಿರು ನನ್ನನ್ನ ಮೂಗ ಅಂತ ಕರೀತಾರೆ. ನೀನೂ ನಗ್ತೀಯ. ನಾನು ಶುರು ಮಾಡಿದ ಒಂದು ಮಾತನ್ನಾದ್ರೂ ನೀವ್ಯಾರಾದ್ರೂ ಕೊನೇವರೆಗೆ ಕೇಳಿದ್ದೀರಾ?"

ಅದು ಸಲಿಗೆ ಅಲ್ಲವೇ, ನಮ್ಮವನೆಂದು ತಾನೇ ಛೇಡಿಸುವುದು, ಎನ್ನಲು ಹೋಗಿ ಅವಳು ತಡೆದಳು. ಎದುರು ಮನೆಯ ಅಕ್ಕನ ಗಂಡ ನೆನಪಾದ. ಅವನೂ ಮಾತಿಲ್ಲದವನು. ಎಲ್ಲರೂ ಸೇರಿದಾಗ ಟಿವಿಯ ಹತ್ತಿರ ಕುರ್ಚಿ ಎಳೆದುಕೊಂಡು ಕೂರುತ್ತಿದ್ದ. ಒಳ್ಳೆಯ ಮನುಷ್ಯ, ಯಾವುದಕ್ಕೂ ತಕರಾರಿಲ್ಲ, ಎಂದು ಇವರೆಲ್ಲ ಹೇಳಿಕೊಂಡು ಬಂದಿದ್ದರು. ಅವನಿಗೆ ತಕರಾರಿದೆಯೇ ಎಂದು ಯಾರೂ ಕೇಳಿರಲಿಲ್ಲ.

ಮುಂದಿನ ಸಲ ತವರಿನಲ್ಲಿ ಎಲ್ಲರೂ ಊಟಕ್ಕೆ ಕೂತಾಗ ಗಂಡ ಏನೋ ಹೇಳಲು ಬಾಯಿ ತೆರೆದ. ದೊಡ್ಡಣ್ಣ, "ನೋಡ್ರೋ, ಮೂಗ ಬಾಯಿ ಬಿಟ್ಟ" ಎಂದ. ಎಲ್ಲರೂ ನಕ್ಕರು. ಕಂಡಕ್ಟರಮ್ಮ ಮೇಜು ಗುದ್ದಿದಳು. "ಬಾಯಿ ಮುಚ್ಕೊಂಡು ಅವನು ಹೇಳೋದನ್ನ ಕೇಳಿ. ಒಬ್ಬರಾದ್ರೂ ಉಸಿರೆತ್ತಿದ್ರೆ ನೋಡಿ ಮತ್ತೆ."

ಎಲ್ಲರ ಕಣ್ಣೂ ಗಂಡನ ಮೇಲೆ. ಅವನ ಕಿವಿ ಕೆಂಪಾಯಿತು. "ಉಪ್ಪು ಈ ಕಡೆ ಕೊಡಿ ಅಂತ" ಎಂದ.

ಅಕ್ಕ ಮೊದಲು ಸಿಡಿದಳು. "ನಮ್ಮ ಮನೇಲೇ ನಮಗೆ ಬಾಯಿ ಮುಚ್ಚು ಅಂತೀಯಾ? ಆ ಮಹಡಿ ಮನೆಯವರ ಗಾಳಿ ಬಡಿದಿದೆ ನಿನಗೆ. ಮಾತಾಡಿದ್ರೆ ತಪ್ಪು, ನಕ್ಕರೆ ತಪ್ಪು." ದೊಡ್ಡಣ್ಣ ತಟ್ಟೆ ತಳ್ಳಿ ಎದ್ದ. ಅಪ್ಪ ಎಂದೂ ಇಲ್ಲದೆ ಮಗಳ ಮುಖ ನೋಡದೆ ಕೈ ತೊಳೆಯಲು ಹೋದರು. ಅಕ್ಕನ ಗಂಡ ಮಾತ್ರ ಉಪ್ಪಿನ ಬಟ್ಟಲನ್ನು ಮೆಲ್ಲಗೆ ಈ ಕಡೆಗೆ ಸರಿಸಿದ. ಅದನ್ನು ಕಂಡು ಅಕ್ಕ ಅವನ ಮೇಲೂ ಎಗರಿದಳು.

ವಾಪಸು ಬರುವಾಗ ಇಬ್ಬರೂ ನಡೆದೇ ಬಂದರು. ಮುಚ್ಚಿದ ಅಂಗಡಿಗಳ ಸಾಲು ದಾಟಿದರು.

"ನೀನು ಅಷ್ಟು ಜೋರು ಮಾಡಬಾರದಿತ್ತು" ಎಂದ ಗಂಡ.

"ಮತ್ತೆ ಹೇಗೆ ಮಾಡಬೇಕಿತ್ತು, ಅದನ್ನಾದ್ರೂ ಹೇಳು."

ಅವನು ಹೇಳಲು ಶುರುಮಾಡಿದ, ನಿಲ್ಲಿಸಿದ, ಮತ್ತೆ ಶುರುಮಾಡಿದ. ಮಧ್ಯೆ ಬಾಯಿ ಹಾಕದಿರಲು ಕಂಡಕ್ಟರಮ್ಮ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಸುತ್ತಿ ಬಿಗಿದಳು. ಅವನ ಮಾತು ಮುಗಿಯುವಷ್ಟರಲ್ಲಿ ಮನೆ ಬಂದಿತ್ತು. ಹೇಳಿದ್ದರಲ್ಲಿ ಅರ್ಧಕ್ಕಿಂತ ಹೆಚ್ಚು ಅವಳಿಗೆ ಒಪ್ಪಿಗೆಯಾಗಲಿಲ್ಲ. ಬೀಗ ತೆಗೆದು ದೀಪ ಹಾಕಿದ ಮೇಲೆ ಹಾಗೆಂದೇ ಹೇಳಿದಳು.