ಅನುಭವ: ಇಲ್ಲ

ಆ ಕೋಲ್ಡ್ ಸ್ಟೋರೇಜಿನಲ್ಲಿ ಎಲ್ಲರ ಬಾಯಲ್ಲೂ ಅವಳು ಬೀಗದಕ್ಕ. ವಯಸ್ಸು ಇಪ್ಪತ್ತೇಳು, ಅಕ್ಕ ಎಂದು ಕರೆಯುವವರಲ್ಲಿ ಅರ್ಧ ಜನಕ್ಕೆ ತಲೆ ನೆರೆತಿತ್ತು. ಡಿಗ್ರಿ ಮುಗಿಸಿದ ವರ್ಷವೇ ಸೇರಿದವಳು, ಆರು ವರ್ಷದಿಂದ ಮೂರು ಕೋಣೆಗಳ ಬೀಗದ ಕೈ ಅವಳ ಸೊಂಟ ಬಿಟ್ಟಿರಲಿಲ್ಲ. ಒಳಗೆ ಕಲ್ಲಿನಂತಾದ ಬಟಾಣಿ, ಮೀನು, ಐಸ್‌ಕ್ರೀಮು. ಹೊರಗೆ ನೆತ್ತಿ ಸುಡುವ ಬಿಸಿಲಿದ್ದರೂ ಅವಳ ಮೈಮೇಲೆ ಸ್ವೆಟರು.

ಅಲ್ಲಿ ಅವಳು ತಂದ ಪದ್ಧತಿಯೊಂದಿತ್ತು. ಬಾಗಿಲ ಪಕ್ಕ ಒಂದು ಹಲಗೆ, ಹಲಗೆಯ ತುಂಬ ಮೊಳೆ. ಒಳಗೆ ಹೋಗುವವರು ತಮ್ಮ ತಗಡಿನ ಬಿಲ್ಲೆಯನ್ನು ಮೊಳೆಗೆ ಸಿಕ್ಕಿಸಬೇಕು, ಹೊರಗೆ ಬಂದಾಗ ತೆಗೆದುಕೊಳ್ಳಬೇಕು. ಸಂಜೆ ಹಲಗೆ ಖಾಲಿಯಾದರೂ ಅವಳಿಗೆ ಸಮಾಧಾನವಿಲ್ಲ. ಮೂರು ಸಲ ಬಾಗಿಲು ತಟ್ಟಿ, ಕಿವಿಯಿಟ್ಟು, ಆಮೇಲೆ ಬೀಗ. ‘ಒಳಗೆ ಬಟಾಣಿ ಏನಾದ್ರೂ ಮಾತಾಡ್ತಾ ಅಕ್ಕಾ?’ ಎಂದು ರೇಗಿಸುವವರಿಗೇನೂ ಬರವಿರಲಿಲ್ಲ.

ಅದಕ್ಕೆ ಕಾರಣ ಗಾಡಿ ಮಾವ. ಫೋರ್ಕ್‌ಲಿಫ್ಟ್ ಓಡಿಸುವ ಮುದುಕ. ಅವಳು ಸೇರಿದ ಮೂರನೇ ತಿಂಗಳಲ್ಲಿ ಒಳಗಿನ ಹಿಡಿ ಕಿತ್ತುಬಂದು ಬಾಗಿಲು ಹಾಕಿಕೊಂಡಿತ್ತು. ಎಲ್ಲರೂ ಹೋಗಾಯಿತು ಎಂದು ಮೇಸ್ತ್ರಿ ಗದರಿದರೂ ಅವಳ ಮನಸ್ಸು ಯಾಕೋ ಒಪ್ಪಲಿಲ್ಲ. ಹಾಕಿದ ಬೀಗ ಮತ್ತೆ ತೆಗೆದಳು. ಮೀನಿನ ಪೆಟ್ಟಿಗೆಗಳ ನಡುವೆ ಮಾವ ಮುದುಡಿ ಕೂತಿದ್ದ. ಎರಡು ಬೆರಳು ಹೋದವು, ಜೀವ ಉಳಿಯಿತು.

ಈಗ ಅವಳಿಗೆ ಮಂಡಿ ನೋವು. ಈ ಚಳಿಯಿಂದ ಹೇಗಾದರೂ ಪಾರಾಗಬೇಕಿತ್ತು. ಕಾಲೇಜು ಸೀಟಿನ ವ್ಯವಹಾರ ಬಲ್ಲ ಚಿಕ್ಕಪ್ಪ ಭಾನುವಾರ ಬಂದು ಅವಳ ಲ್ಯಾಪ್‌ಟಾಪ್ ಬಿಚ್ಚಿ ಕೂತ.

‘ನೋಡು, ದಾರಿ ಎರಡು. ಎಂಬಿಎ ಅಂದ್ರೆ ಎರಡು ವರ್ಷ, ಅದ್ರ ಮೇಲೆ ಮಾಡಿದ ಕೆಲ್ಸದ ಬಗ್ಗೆ ಪುಟಗಟ್ಲೆ ಬರೀಬೇಕು. ಮಾಸ್ಟರ್ಸ್ ಇನ್ ಮ್ಯಾನೇಜ್‌ಮೆಂಟ್ ಒಂದೇ ವರ್ಷ. ಆದ್ರೆ ಅದು ಹೊಸಬರಿಗೆ. ಒಂದು ವರ್ಷಕ್ಕಿಂತ ಜಾಸ್ತಿ ಅನುಭವ ಇರಬಾರ್ದು.’

‘ನಂದು ಆರು ವರ್ಷ ಆಯ್ತಲ್ಲ ಚಿಕ್ಕಪ್ಪ.’

‘ಬೀಗ ಹಾಕ್ದೆ, ಬೀಗ ತೆಗ್ದೆ. ಅದೂ ಒಂದು ಅನುಭವಾನಾ? ಇಲ್ಲ ಅಂತ ಹಾಕು, ಯಾರು ಬಂದು ನೋಡ್ತಾರೆ!’

ಅವಳಿಗೂ ಒಳಗೊಳಗೇ ಹಾಗೇ ಅನಿಸುತ್ತಿತ್ತು. ಮಾಸ್ಟರ್ಸ್ ಅರ್ಜಿಯಲ್ಲಿ, ಅನುಭವದ ಮುಂದೆ, ‘ಇಲ್ಲ’ ಎಂದು ಒತ್ತಿದಳು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ.

ಸೋಮವಾರ ಹಾಜರಿ ಯಂತ್ರ ಅವಳ ಹೆಬ್ಬೆರಳನ್ನು ಒಪ್ಪಲಿಲ್ಲ. ಹಾಳು ಯಂತ್ರ ಎಂದು ಬೈದು ಒಳಗೆ ಹೋದಳು. ಮಂಗಳವಾರ ಸ್ನಾನ ಮಾಡುವಾಗ ನೋಡಿದರೆ, ಬಾಗಿಲಿಗೆ ಸಿಕ್ಕಿ ಮುಂಗೈ ಮೇಲಾಗಿದ್ದ ಹಳೇ ಗಾಯದ ಗುರುತಿಲ್ಲ. ಮಂಡಿ ನೋವೂ ಇಲ್ಲ. ಖುಷಿಯಾಗಬೇಕಿತ್ತು, ಯಾಕೋ ಭಯವಾಯಿತು. ಬುಧವಾರ ಬಾಗಿಲ ಪಕ್ಕ ಹಲಗೆಯೇ ಇರಲಿಲ್ಲ. ಗೋಡೆಯನ್ನು ಕೈಯಿಂದ ಸವರಿದಳು. ಮೊಳೆ ಹೊಡೆದ ತೂತು ಕೂಡ ಇಲ್ಲ, ನುಣ್ಣಗಿತ್ತು.

ಗುರುವಾರ ಗೇಟಿನಲ್ಲಿ ವಾಚ್‌ಮನ್ ಅಡ್ಡ ನಿಂತ. ದಿನಾ ಅವಳಿಂದ ಟೀ ಕುಡಿಸಿಕೊಳ್ಳುವ ಆಸಾಮಿ!

‘ಯಾರಮ್ಮಾ ನೀವು? ಯಾರನ್ನ ನೋಡ್ಬೇಕಿತ್ತು?’

‘ತಮಾಷೆ ಸಾಕು, ಬಿಡಿ.’

ಅವನು ನಗಲಿಲ್ಲ. ಅವಳು ಸೊಂಟಕ್ಕೆ ಕೈ ಹಾಕಿದಳು. ಬೀಗದ ಕೈ ಇರಲಿಲ್ಲ.

‘ಗಾಡಿ ಮಾವನ್ನ ಕರೀರಿ. ಅವರೇ ಹೇಳ್ತಾರೆ ನಾನು ಯಾರು ಅಂತ.’

ವಾಚ್‌ಮನ್ ಅವಳನ್ನೇ ದಿಟ್ಟಿಸಿದ. ಆಮೇಲೆ ತನ್ನ ಕೋಣೆಯ ಗೋಡೆಯತ್ತ ತೋರಿಸಿದ. ಅಲ್ಲಿ ಧೂಳು ಹಿಡಿದ ಚೌಕಟ್ಟಿನಲ್ಲಿ ಮಾವನ ಫೋಟೊ.

‘ಅವರು ಹೋಗಿ ಐದು ವರ್ಷದ ಮೇಲಾಯ್ತಲ್ಲಮ್ಮ. ಒಳಗೇ ಸಿಕ್ಕಾಕ್ಕೊಂಡ್ರು. ಆಗ ಇಲ್ಲಿ ಬೀಗ ನೋಡ್ಕೊಳೋರು ಅಂತ ಯಾರೂ ಇರ್ಲಿಲ್ಲ.’

ಅವಳು ಗೇಟು ಹಿಡಿದುಕೊಂಡಳು. ಮನೆಗೆ ಹೇಗೆ ಬಂದಳೋ ಅವಳಿಗೇ ತಿಳಿಯದು. ಲ್ಯಾಪ್‌ಟಾಪಿನಲ್ಲಿ ಒಂದು ಪತ್ರ ಕಾದಿತ್ತು: ಅಭಿನಂದನೆಗಳು, ಮಾಸ್ಟರ್ಸ್‌ಗೆ ನಿಮ್ಮ ಸೀಟು ಸಿಕ್ಕಿದೆ, ಒಪ್ಪಿಗೆ ಕೊಡಿ.

ಅವಳು ಒಪ್ಪಿಗೆ ಕೊಡಲಿಲ್ಲ. ಅರ್ಜಿಯನ್ನು ವಾಪಸು ತೆಗೆದುಕೊಂಡು ಎಂಬಿಎ ಅರ್ಜಿ ಬಿಚ್ಚಿದಳು. ಕೆಲಸದಲ್ಲಿ ನೀವಾಗಿಯೇ ತೆಗೆದುಕೊಂಡ ಒಂದು ನಿರ್ಧಾರ ಬರೆಯಿರಿ ಎಂದಿತ್ತು. ಅಳುತ್ತಲೇ ಬರೆದಳು. ಮೇಸ್ತ್ರಿ ಗದರಿದ್ದು, ಬೀಗ ತೆಗೆದದ್ದು, ಬಿಲ್ಲೆ, ಹಲಗೆ, ಮೂರು ತಟ್ಟು, ಒಂದನ್ನೂ ಬಿಡಲಿಲ್ಲ. ಕಳಿಸಿ ಎದ್ದಾಗ ಮಂಡಿ ಚುಳ್ಳೆಂದಿತು. ಆ ನೋವಿಗೆ ಅವಳು ಕೈ ಮುಗಿಯುವುದೊಂದು ಬಾಕಿ.

ಶುಕ್ರವಾರ ಬೆಳಿಗ್ಗೆ ಯಂತ್ರ ಹೆಬ್ಬೆರಳನ್ನು ಒಪ್ಪಿತು. ಹಲಗೆ ಇತ್ತು. ಹಲಗೆಯ ಮುಂದೆ ಗಾಡಿ ಮಾವ ನಿಂತು, ಮೂರು ಬೆರಳಿನ ಕೈಯಲ್ಲಿ ಬಿಲ್ಲೆ ಸಿಕ್ಕಿಸುತ್ತಿದ್ದ. ಅವಳು ಓಡಿಹೋಗಿ ಆ ಕೈ ಹಿಡಿದುಕೊಂಡಳು. ಮಂಜಿನಂತೆ ಕೊರೆಯುತ್ತಿತ್ತು.

‘ಒಳಗೆ ಹೋಗೋ ಮುಂಚೇನೇ ಹಿಂಗಾ ಮಾವ?’

‘ನಾಲ್ಕು ದಿನದಿಂದ ಒಂದೇ ಕೆಟ್ಟ ಕನಸು ಕಣಮ್ಮ. ಒಳಗೆ ಸಿಕ್ಕಾಕ್ಕೊಂಡಿದೀನಿ, ಬಾಗಿಲು ಬಡೀತಾನೇ ಇದೀನಿ. ನೀನು ಆಚೆ ಕೂತಿದೀಯ. ಕೇಳ್ತಿತ್ತು ಕಣೇ ನಿಂಗೆ, ಕೇಳ್ತಿತ್ತು. ಆದ್ರೂ ತಲೆ ಎತ್ತಲಿಲ್ಲ, ಏನೋ ಬರೀತಾನೇ ಇದ್ದೆ.’

ಅವಳು ತನ್ನ ಸ್ವೆಟರು ಬಿಚ್ಚಿ ಆ ಕೈಗೆ ಸುತ್ತಿದಳು.

ಎಂಬಿಎ ಸೀಟು ಸಿಕ್ಕಿದೆ. ಮುಂದಿನ ತಿಂಗಳು ಹೋಗಬೇಕು. ಬೀಗದ ಕೈ ತೆಗೆದುಕೊಳ್ಳುವ ಹೊಸ ಹುಡುಗಿಗೆ ಬಿಲ್ಲೆ ಎಣಿಸುವುದನ್ನು ಕಲಿಸಿದ್ದಾಳೆ. ಮೂರು ಸಲ ತಟ್ಟುವುದನ್ನೂ ಕಲಿಸಿದ್ದಾಳೆ. ಒಂದನ್ನು ಮಾತ್ರ ಇನ್ನೂ ಹೇಳಿಲ್ಲ. ಆ ಶುಕ್ರವಾರದಿಂದ, ಹಲಗೆ ಖಾಲಿಯಾದ ಮೇಲೂ, ಮಾವ ಮನೆಗೆ ಹೋದ ಮೇಲೂ, ಅವಳು ತಟ್ಟಿದರೆ ಒಳಗಿನಿಂದ ಯಾರೋ ಮೂರು ಸಲ ತಟ್ಟುತ್ತಾರೆ. ಒಂದು ದಿನವೂ ಯಾರೂ ಸಿಕ್ಕಿಲ್ಲ, ಆದರೂ ಅವಳು ದಿನಾ ಬಾಗಿಲು ತೆಗೆದು ನೋಡುತ್ತಾಳೆ.