ಅಡುಗೆ ಕಟ್ಟೆಗೊಂದು ಕಲ್ಲು

ಕಲ್ಲಿನ ಅಂಗಡಿಗೆ ಹೋದವರೆಲ್ಲ ಕಲ್ಲನ್ನು ತಟ್ಟಿ ನೋಡುತ್ತಾರೆ. ಯಾಕೆ ತಟ್ಟುತ್ತಾರೋ ನನಗೆ ಇವತ್ತಿಗೂ ಗೊತ್ತಿಲ್ಲ. ಹಲಸಿನಕಾಯಿಯನ್ನು ತಟ್ಟಿದರೆ ಬೆಳೆದಿದೆಯೋ ಇಲ್ಲವೋ ತಿಳಿಯುತ್ತದೆ. ತೆಂಗಿನಕಾಯಿಯನ್ನು ಕಿವಿಯ ಹತ್ತಿರ ಅಲ್ಲಾಡಿಸಿದರೆ ಒಳಗಿನ ನೀರು ತಿಳಿಯುತ್ತದೆ. ಭೂಮಿಯೊಳಗೆ ಯುಗಯುಗ ಮಲಗಿದ್ದ ಕಲ್ಲು ನಮ್ಮ ಬೆರಳಿನ ಗೆಣ್ಣಿಗೆ ಏನು ಉತ್ತರ ಕೊಟ್ಟೀತು? ಆದರೂ ಕುಂದಾಪುರ ದಾಟಿ ಬ್ರಹ್ಮಾವರದ ಕಡೆ ಹೋಗುವಾಗ ಹೆದ್ದಾರಿಯ ಪಕ್ಕದಲ್ಲಿ ಗ್ರಾನೈಟ್ ಹಲಗೆಗಳನ್ನು ಸಾಲಾಗಿ ಒರಗಿಸಿಟ್ಟ ಅಂಗಡಿಗಳಲ್ಲಿ ನಾನೂ ತಟ್ಟಿದೆ. ಶಾಲೆಯಲ್ಲಿ ಕಲಿಸಿ ನಿವೃತ್ತಳಾದವಳು ನಾನು. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎನ್ನುವ ಅಭ್ಯಾಸ ತಪ್ಪಿಹೋಗಿದೆ. ತಟ್ಟಿ, ತಲೆ ಓರೆ ಮಾಡಿ, "ಹೂಂ" ಎಂದೆ. ಅಂಗಡಿಯವನೂ ಗೌರವದಿಂದ "ಹೂಂ" ಎಂದ.

ನಮ್ಮ ಮನೆ ಇರುವುದು ಬೈಂದೂರಿನ ಹತ್ತಿರ. ಮದುವೆಯಾದಾಗಿನಿಂದ ನಾನು ಅಲ್ಲೇ ಇದ್ದೇನೆ. ನನ್ನ ಗಂಡ ಇದ್ದದ್ದು ಮುಂಬಯಿಯಲ್ಲಿ. ಅಲ್ಲಿ ಮೊದಲು ಬೇರೆಯವರ ಹೋಟೆಲಿನಲ್ಲಿ ದುಡಿದು, ಆಮೇಲೆ ಸ್ವಂತದ್ದೊಂದು ಸಣ್ಣ ಹೋಟೆಲು ಮಾಡಿ, ವರ್ಷಕ್ಕೊಂದೆರಡು ಸಲ ಊರಿಗೆ ಬಂದು ಹೋಗುತ್ತಿದ್ದರು. ನಾನು ಇಲ್ಲಿ ಶಾಲೆ, ಅತ್ತೆ, ಮಗಳು ಸುಮ ಎಂದುಕೊಂಡು ಇದ್ದೆ. ಈಗ ಅತ್ತೆ ಇಲ್ಲ. ಸುಮ ಮದುವೆಯಾಗಿ ಬ್ರಹ್ಮಾವರದಲ್ಲಿದ್ದಾಳೆ. ನನಗೆ ನಿವೃತ್ತಿಯಾಯಿತು. ಅದೇ ಹೊತ್ತಿಗೆ ಇವರೂ ಹೋಟೆಲನ್ನು ಇನ್ನೊಬ್ಬರಿಗೆ ವಹಿಸಿ, ಇನ್ನು ಹೋಗುವುದಿಲ್ಲ ಎಂದು ಹೇಳಿ ಬಂದುಬಿಟ್ಟರು. ಇಷ್ಟು ವರ್ಷದ ದಾಂಪತ್ಯದಲ್ಲಿ ಗಂಡ ಬಂದ ದಿನವೇ ಹೊರಡುವ ದಿನ ಯಾವುದೆಂದು ಕೇಳದೆ ಇದ್ದದ್ದು ಅದೇ ಮೊದಲು.

ಬಂದವರು ಸುಮ್ಮನೆ ಕೂರುವವರಲ್ಲ. ಮೊದಲು ಬಾವಿಕಟ್ಟೆ ಸರಿಮಾಡಿಸಿದರು, ಆಮೇಲೆ ಮಾಡಿನ ಹಂಚು. ಅದು ಮುಗಿದ ಮೇಲೆ ಅಡುಗೆಮನೆಯ ಬಾಗಿಲಲ್ಲಿ ನಿಂತು ಒಳಗೆಲ್ಲ ಕಣ್ಣಾಡಿಸಿದರು. ಆರೋಗ್ಯ ಇಲಾಖೆಯವರು ಬಂದು ನಿಂತ ಹಾಗಿತ್ತು. ನಮ್ಮ ಅಡುಗೆ ಕಟ್ಟೆಗೆ ಹಾಕಿದ್ದು ಹಳೆಯ ಕಡಪ ಕಲ್ಲು. ಅದರ ಅಂಚು ಅಲ್ಲಲ್ಲಿ ಚಕ್ಕೆ ಎದ್ದಿತ್ತು, ನಡುವೆ ಒಂದು ಬಿರುಕೂ ಇತ್ತು. ಅದನ್ನು ತೆಗೆದು ಹೊಸತು ಹಾಕಿಸುವುದೆಂದು ತೀರ್ಮಾನವಾಯಿತು. ಯಾವುದನ್ನು ಎಂಬಲ್ಲಿ ನಾವು ಎರಡಾದೆವು.

ಇವರಿಗೆ ಸ್ಟೀಲು ಬೇಕು. ಇಡೀ ಕಟ್ಟೆಗೆ ಸ್ಟೀಲಿನ ತಗಡು ಹೊದಿಸಬೇಕು. "ರಾತ್ರಿ ನೀರ್ ಹೊಯ್ದ್ ಒಂದ್ ಸಲ ಒರ್ಸಿರ್ ಆಯ್ತ್, ಎಕ್‌ದಮ್ ಸಾಫ್" ಎಂದರು. ನನಗೆ ಸ್ಟೀಲೆಂದರೆ ಸದ್ದು. ಅದರ ಮೇಲೆ ಚಮಚ ಇಟ್ಟರೂ ಯಾರೋ ಸಿಟ್ಟಿನಲ್ಲಿ ಎಸೆದ ಹಾಗೆ ಕೇಳುತ್ತದೆ. ನನಗೆ ಕಲ್ಲೇ ಬೇಕು ಎಂದೆ. ಕಲ್ಲಿನಲ್ಲಿ ಯಾವುದು ಎಂದು ಕೇಳಿದರೆ ನನ್ನಲ್ಲಿ ಉತ್ತರವಿಲ್ಲ. ಸುಮ ಮೊಬೈಲಿಗೆ ಬಿಳಿಬಿಳಿ ಕಟ್ಟೆಗಳ ಫೋಟೋ ಕಳಿಸುತ್ತಿದ್ದಳು. ಅವುಗಳ ಮೇಲೆ ಒಂದು ಬಟ್ಟಲಿನಲ್ಲಿ ನಿಂಬೆಹಣ್ಣು, ಒಂದು ಹೂಜಿಯಲ್ಲಿ ಎಲೆ. ಬೂತಾಯಿ ಮೀನಿಲ್ಲ, ಅರಿಶಿನವಿಲ್ಲ, ಹಲಸಿನ ಮೇಣವಿಲ್ಲ. ಆ ಮನೆಯವರು ಏನು ತಿಂದು ಬದುಕುತ್ತಾರೆಂದು ನಾನು ಕೇಳಿದೆ. ಬಿಳಿ ಬೇಡವಾದರೆ ಬೂದು ಆದೀತು ಎಂದು ಅವಳು ಇನ್ನಷ್ಟು ಫೋಟೋ ಕಳಿಸಿದಳು.

ಹೀಗೆ ನಾವಿಬ್ಬರೂ ವಾರವಾರ ಕಲ್ಲು ನೋಡಲು ಹೊರಟೆವು. ಮರವಂತೆಯ ಹತ್ತಿರ ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಹೊಳೆ, ನಡುವಿನ ರಸ್ತೆಯಲ್ಲಿ ನಮ್ಮ ಕಾರು. ಇವರು ಸಮುದ್ರದ ಕಡೆ ನೋಡುತ್ತಾ ಸ್ಟೀಲಿನ ಗುಣಗಾನ ಮಾಡುವರು, ನಾನು ಹೊಳೆಯ ಕಡೆ ನೋಡುತ್ತಾ ಕಲ್ಲಿನದ್ದು. ಅಂಗಡಿಗಳಲ್ಲಿ ನಮ್ಮ ಜ್ಞಾನ ಬೆಳೆಯುತ್ತಾ ಹೋಯಿತು. ಅಮೃತಶಿಲೆ ಚೆಂದ, ಆದರೆ ಅದರ ಮೇಲೆ ಮುರುಗಲಹುಳಿ ಚೆಲ್ಲಿದರೆ ಕಲೆ ಹೋಗುವುದಿಲ್ಲವಂತೆ. ಕ್ವಾರ್ಟ್ಜ್ ಎಂಬುದು ಕಲ್ಲಿನ ಪುಡಿಗೆ ಅಂಟು ಸೇರಿಸಿ ಮಾಡಿದ್ದಂತೆ, ಒಲೆಯಿಂದ ಇಳಿಸಿದ ಪಾತ್ರೆಯನ್ನು ಅದರ ಮೇಲೆ ಸೀದಾ ಇಡಬಾರದಂತೆ. ಕಪ್ಪು ಗ್ರಾನೈಟಿಗೆ ಯಾವ ಹೆದರಿಕೆಯೂ ಇಲ್ಲ, ಆದರೆ ಒರೆಸಿದ ಗುರುತೂ ಕಾಣುತ್ತದಂತೆ. ಎಲ್ಲ ಕಲ್ಲಿಗೂ ಒಂದೊಂದು ಸ್ವಭಾವ. ಎಷ್ಟೋ ಮದುವೆಗಳನ್ನು ಇದಕ್ಕಿಂತ ಕಡಿಮೆ ವಿಚಾರಣೆಯಲ್ಲಿ ಮುಗಿಸಿದ್ದೇವೆ. ನಮ್ಮದನ್ನೂ.

ಕಟ್ಟೆ ಎಂಬ ಮಾತನ್ನೇ ನೋಡಿ. ಕಟ್ಟಿದ್ದೆಲ್ಲ ಕಟ್ಟೆ. ಅಶ್ವತ್ಥಕಟ್ಟೆ, ಬಾವಿಕಟ್ಟೆ, ತುಳಸಿಕಟ್ಟೆ, ಊರಿನ ಪಂಚಾಯಿತಿ ನಡೆಯುವ ಕಟ್ಟೆ. ದೇವರು ಉತ್ಸವದಲ್ಲಿ ಹೊರಟಾಗ ಕೂತು ಪೂಜೆ ತೆಗೆದುಕೊಳ್ಳುವುದೂ ಕಟ್ಟೆಯ ಮೇಲೆಯೇ. ಹೆಚ್ಚಿನ ಕಟ್ಟೆಗಳು ಕೂರುವುದಕ್ಕಾಗಿ ಇವೆ. ಅಡುಗೆ ಕಟ್ಟೆ ಒಂದರ ಎದುರಿಗೆ ಮಾತ್ರ ಜೀವಮಾನವಿಡೀ ನಿಂತಿರಬೇಕು. ನನ್ನ ಅಜ್ಜಿಗೆ ಆ ಕಷ್ಟವಿರಲಿಲ್ಲ. ಅವಳು ನೆಲದ ಒಲೆಯ ಮುಂದೆ ಮಣೆ ಹಾಕಿ ಕೂತು ಅಡುಗೆ ಮಾಡಿದಳು, ಮೆಟ್ಟುಗತ್ತಿಯ ಮೇಲೆ ಕೂತು ತರಕಾರಿ ಹೆಚ್ಚಿದಳು. ಅವಳದ್ದು ಹೊಗೆಯ ಕಷ್ಟ. ಗ್ಯಾಸು ಬಂತು, ಹೊಗೆ ಹೋಯಿತು, ಹೆಂಗಸರು ಎದ್ದು ನಿಂತರು. ದೊಡ್ಡ ಸುಧಾರಣೆ ಎಂದು ನಾನು ಶಾಲೆಯಲ್ಲಿ ಪಾಠ ಮಾಡಿದ್ದೇನೆ. ಎದ್ದು ನಿಂತವರು ನೆಟ್ಟಗೆ ನಿಂತರೋ ಇಲ್ಲವೋ ಎಂಬುದು ಪಾಠದಲ್ಲಿ ಇರಲಿಲ್ಲ.

ಕೊನೆಗೊಂದು ದಿನ ಬ್ರಹ್ಮಾವರದ ಅಂಗಡಿಯೊಂದರಲ್ಲಿ ನುಣುಪು ಕಡಿಮೆಯಿದ್ದ ಕಪ್ಪು ಗ್ರಾನೈಟೊಂದು ಇಬ್ಬರಿಗೂ ಒಪ್ಪಿಗೆಯಾಯಿತು. ಇಬ್ಬರಿಗೂ ಎಂದರೆ, ನನಗೆ ಒಪ್ಪಿಗೆಯಾಯಿತು, ಇವರಿಗೆ ಸುಸ್ತಾಗಿತ್ತು. ಮಾರನೆಯ ದಿನ ಕಟ್ಟೆ ಕಟ್ಟುವ ಭಾಸ್ಕರ ಅಳತೆಗೆಂದು ಮನೆಗೆ ಬಂದ. ಟೇಪು ಹಿಡಿದು ಉದ್ದ ಅಳೆದ, ಅಗಲ ಅಳೆದ. ಆಮೇಲೆ ನಮ್ಮಿಬ್ಬರನ್ನೂ ಮೇಲಿನಿಂದ ಕೆಳಗೆ ಒಮ್ಮೆ ನೋಡಿ ಕೇಳಿದ.

"ಟೀಚ್ರೆ, ಅಡ್ಗಿ ಮಾಡುದ್ ಯಾರ್?"

ಅವನು ಕೇಳಿದ್ದರಲ್ಲಿ ವಿಶೇಷವೇನೂ ಇಲ್ಲ. ಎತ್ತರ ಇಡುವುದಕ್ಕೆ ಎಲ್ಲ ಮನೆಯಲ್ಲೂ ಕೇಳುವ ಮಾತು. ಆದರೆ ಇಲ್ಲಿ ನಮ್ಮಿಬ್ಬರ ಆಕಾರವನ್ನು ಹೇಳಿಬಿಡಬೇಕು. ನಾನು ಉದ್ದ. ಇವರು ಗಿಡ್ಡ. ಮದುವೆಯ ಫೋಟೋದಲ್ಲಿ ನಾನು ಕುರ್ಚಿಯಲ್ಲಿ ಕೂತಿದ್ದೇನೆ, ಇವರು ಪಕ್ಕದಲ್ಲಿ ನಿಂತಿದ್ದಾರೆ. ಹಾಗೆ ನಿಲ್ಲಿಸಿದ್ದು ಫೋಟೋದವನ ಜಾಣತನ. ಅತ್ತೆಯೂ ಗಿಡ್ಡ. ಹಳೆಯ ಕಟ್ಟೆಯನ್ನು ನಾನು ಬರುವ ಮೊದಲೇ ಅವರು ತಮ್ಮ ಅಳತೆಗೆ, ಎದುರಿಗೆ ನಿಂತು ಹೇಳಿ ಕಟ್ಟಿಸಿದ್ದರು. ಊರಿಗೆ ಬಂದಾಗ ಇವರು ನೀರು ಕುಡಿಯಲೆಂದು ಆ ಕಟ್ಟೆಯ ಮುಂದೆ ಒಂದು ಗಳಿಗೆ ನಿಂತರೆ ಹೇಳಿ ಮಾಡಿಸಿದಷ್ಟು ಸರಿಯಾಗುತ್ತಿತ್ತು.

ನಾನು ಉತ್ತರ ಕೊಡುವ ಮೊದಲೇ ಇವರು ಹೇಳಿದರು. "ಎತ್ರ ಮೊದ್ಲಿನ್ ಹಾಂಗೇ ಇರ್ಲಿ. ಅಬ್ಬಿ ಕಟ್ಸಿದ್ ಕಟ್ಟಿ, ಸಮ ಇತ್ತ್."

ಅಬ್ಬಿ ಎಂದರೆ ಇವರ ತಾಯಿ, ನನ್ನ ಅತ್ತೆ. ಒಳ್ಳೆಯ ಹೆಂಗಸು. ನಾನು ಶಾಲೆಯಿಂದ ಬರುವಾಗ ಚಾ ಮಾಡಿ ಮುಚ್ಚಿಡುತ್ತಿದ್ದವರು. ಅವರ ಮೇಲೆ ನನಗೆ ಯಾವ ದೂರೂ ಇರಲಿಲ್ಲ. ಆದರೂ ನನ್ನ ಬಾಯಿಂದ ಒಂದು ಮಾತು ಬಂತು. ಬಹಳ ವರ್ಷ ಒಳಗೇ ಇದ್ದ ಮಾತಾದ್ದರಿಂದ ಅದರಲ್ಲಿ ಏರೂ ಇರಲಿಲ್ಲ, ಇಳಿವೂ ಇರಲಿಲ್ಲ.

"ಈ ಕಟ್ಟಿ ನಂಗ್ ಯಾವತ್ತೂ ಸಮ ಆಯ್ಲಿಲ್ಲ."

ಭಾಸ್ಕರ ಟೇಪನ್ನು ಮಡಚಿದ. ಇನ್ನೊಂದು ಕಡೆ ಕೆಲಸವಿದೆ, ತೀರ್ಮಾನವಾದ ಮೇಲೆ ಫೋನು ಮಾಡಿ ಎಂದು ಹೇಳಿ ಹೋದ. ಇವರು ಅಂಗಳಕ್ಕೆ ಹೋಗಿ ತೆಂಗಿನ ಬುಡದಲ್ಲಿ ನಿಂತುಕೊಂಡರು. ತಾಯಿಯ ಮೇಲೆ ಆರೋಪ ಬಂತೆಂದು ಅವರಿಗೆ ಅನಿಸಿತ್ತು. ಆಮೇಲಿನ ದಿನಗಳಲ್ಲಿ ನಮ್ಮ ಮಾತು ಬಹಳ ಮರ್ಯಾದೆಯದ್ದಾಯಿತು. ಊಟಕ್ಕೆ ಬನ್ನಿ ಎಂದು ನಾನು, ಬಂದೆ ಎಂದು ಇವರು. ಫೋನಿನಲ್ಲಿ ಸಂಸಾರ ಮಾಡಿದವರಿಗೆ ಎದುರೆದುರು ಮುನಿಸಿಕೊಳ್ಳುವುದೂ ಹೊಸತು. ಫೋನಾದರೆ ಇಟ್ಟುಬಿಡಬಹುದು. ಒಂದೇ ಮನೆಯಲ್ಲಿ ಸಿಟ್ಟು ಮಾಡಿಕೊಂಡರೆ ಎಲ್ಲಿ ಹೋಗುವುದು? ಇವರು ಮತ್ತೆ ಮುಂಬಯಿಯ ಮಾತೆತ್ತಿದರೆ ಏನು ಮಾಡುವುದೆಂಬ ಹೆದರಿಕೆ ನನಗೆ ನಿಜವಾಗಿಯೂ ಆಯಿತು. ಎರಡು ಸಲ ಅವರು ಹಳೆಯ ಹೋಟೆಲಿಗೆ ಫೋನು ಮಾಡಿ ಮಾತಾಡಿದ್ದನ್ನು ಕೇಳಿಸಿಕೊಂಡೆ. ಒಂದು ಕಟ್ಟೆಯ ದೆಸೆಯಿಂದ ಬಂದವರು ಹಾಗೇ ಹೊರಟುಹೋದರೆ?

ನಾನೇಕೆ ಅಷ್ಟು ವರ್ಷ ಹೇಳಲಿಲ್ಲ ಎಂದು ನೀವು ಕೇಳಬಹುದು. ನಾನೂ ನನ್ನನ್ನು ಕೇಳಿಕೊಂಡೆ. ಅತ್ತೆ ಇದ್ದಾಗ ಹೇಳುವುದು ಸರಿಯಲ್ಲ ಅನಿಸಿತು. ಅವರು ಹೋದ ಮೇಲೆ ಹೇಳುವುದು ಇನ್ನೂ ಸರಿಯಲ್ಲ ಅನಿಸಿತು. ನೆಟ್ಟಗೆ ಕೂತ್ಕೊಳ್ಳಿ, ನೆಟ್ಟಗೆ ನಿಲ್ಲಿ ಎಂದು ಮಕ್ಕಳಿಗೆ ದಿನವೂ ಹೇಳಿ, ಸಂಜೆ ಮನೆಗೆ ಬಂದು ಸೊಂಟ ಬಗ್ಗಿಸಿ ಸಾರು ಕುದಿಸುತ್ತಿದ್ದೆ. ಇದರಲ್ಲಿ ತಮಾಷೆಯಿದೆ ಎಂದು ನನಗೇ ಹೊಳೆಯಲಿಲ್ಲ. ಬೆನ್ನು ನೋವನ್ನು ನಾನು ವಯಸ್ಸಿನ ಲೆಕ್ಕಕ್ಕೆ ಹಾಕಿದ್ದೆ. ಸಣ್ಣ ವಯಸ್ಸಿನಲ್ಲೂ.

ಒಂದು ಬೆಳಿಗ್ಗೆ ಇವರು ಬಂಗಡೆ ತಂದಿದ್ದರು. ನಾನು ಕಟ್ಟೆಯ ಮೇಲಿಟ್ಟು ಮೀನು ಮಾಡುತ್ತಿದ್ದೆ. ಒಂದೊಂದೇ ಮೀನಿನ ತಲೆ ತೆಗೆದು, ಹೊಟ್ಟೆ ಸೀಳಿ, ತೊಳೆದು ಇಡುವ ಕೆಲಸ, ಬೇಗ ಮುಗಿಯುವಂಥದ್ದಲ್ಲ. ಯಾರೋ ಇದ್ದಾರೆ ಅನಿಸಿ ತಿರುಗಿದರೆ ಇವರು ಪಕ್ಕದ ಬಾಗಿಲಲ್ಲಿ ನಿಂತಿದ್ದರು. ಎಷ್ಟು ಹೊತ್ತಿನಿಂದಲೋ ಗೊತ್ತಿಲ್ಲ. ನಾನು ಅಡುಗೆ ಮಾಡುವುದನ್ನು ಅವರು ಬದಿಯಿಂದ ನೋಡಿದ್ದು ಅದೇ ಮೊದಲಿರಬೇಕು. ಊರಿಗೆ ಬಂದಾಗಲೆಲ್ಲ ಅವರು ಚಾವಡಿಯಲ್ಲಿ, ತಟ್ಟೆ ಮಾತ್ರ ಅಲ್ಲಿಗೆ ಹೋಗುತ್ತಿತ್ತು.

ಒಳಗೆ ಬಂದು ನನ್ನ ಪಕ್ಕದಲ್ಲಿ ನಿಂತು, ಯಾವತ್ತೂ ಹೇಳದಿದ್ದ ಒಂದು ಸಂಗತಿ ಹೇಳಿದರು. ಹರೆಯದಲ್ಲಿ ಮುಂಬಯಿಗೆ ಹೋಗಿ ಮೊದಲು ಸೇರಿದ ಹೋಟೆಲಿನಲ್ಲಿ ಅಡುಗೆ ಕಟ್ಟೆ ಇವರ ಎದೆಯವರೆಗೆ ಬರುತ್ತಿತ್ತಂತೆ. ಸೋಡಾ ಬಾಟಲಿಯ ಮರದ ಪೆಟ್ಟಿಗೆಯನ್ನು ಬೋರಲು ಹಾಕಿ ಅದರ ಮೇಲೆ ನಿಂತು ದೋಸೆ ಹೊಯ್ಯುತ್ತಿದ್ದರಂತೆ. ಉಳಿದವರು ನಗುತ್ತಿದ್ದರು. ಸ್ವಂತ ಹೋಟೆಲು ಮಾಡಿದ ದಿನ ಇವರು ಮಾಡಿಸಿದ ಮೊದಲ ಕೆಲಸವೆಂದರೆ ಕಟ್ಟೆಯನ್ನು ತಮ್ಮ ಅಳತೆಗೆ ಇಳಿಸಿದ್ದು. ಆಮೇಲೆ ಗುಲ್ವಾಡಿಯ ಕಡೆಯ ಅಡುಗೆಯವನೊಬ್ಬ ಬಂದು ಸೇರಿದ. ಅವನು ಉದ್ದದ ಆಸಾಮಿ. ಗಳಿಗೆಗೊಮ್ಮೆ ಸೊಂಟ ಹಿಡಿದುಕೊಂಡು ನಿಲ್ಲುತ್ತಿದ್ದ.

"ನಾನ್ ಅವ್ನಿಗ್ ಸೋಮಾರಿ ಅಂದೆ" ಎಂದರು. ಆಮೇಲೆ ನನ್ನ ಕಡೆ ತಿರುಗಿದರು. "ನೀನ್ ಎಂತಕೆ ಹೇಳ್ಲಿಲ್ಲ?"

"ನೀವ್ ಬಪ್ಪುದೇ ನಾಕ್ ದಿನಕ್ಕೆ. ಅಷ್ಟ್ರಲ್ಲಿ ಸೊಂಟದ್ ಸುದ್ದಿ ಯಾರ್ ಹೇಳೂದ್?"

ಅದು ನಗುವ ಮಾತಾಗಿ ಬರಲಿ ಎಂದು ಹೇಳಿದೆ. ಬರಲಿಲ್ಲ. ಇವರು ನನ್ನ ಕೈಯಿಂದ ಚೂರಿ ತೆಗೆದುಕೊಂಡು ಉಳಿದ ಬಂಗಡೆಯನ್ನು ಮಾಡಿಕೊಟ್ಟರು. ನನಗಿಂತ ಎಷ್ಟೋ ಬೇಗ, ಎಷ್ಟೋ ಚೊಕ್ಕವಾಗಿ ಮಾಡಿದರು ಎಂದು ಹೇಳಲು ಸ್ವಲ್ಪ ಸಂಕಟವಾಗುತ್ತದೆ.

ಮಾರನೆಯ ದಿನ ಭಾಸ್ಕರನನ್ನು ಕರೆಸಿದರು. ನನ್ನ ಅಳತೆಗೇ ಕಟ್ಟಬೇಕೆಂದು ಅವರೇ ಹೇಳಿದರು. ಹಾಗಾದರೆ ನೀವು ಅಡುಗೆಗೆ ಕೈಹಾಕುವುದಿಲ್ಲವೇ ಎಂದು ಕೇಳಬೇಕೆಂದುಕೊಂಡೆ. ಕೇಳುವ ಮೊದಲೇ ಅವರು ಭಾಸ್ಕರನಿಗೆ ವಿವರಿಸಿದರು. "ಗಿಡ್ಡ ಇದ್ದರ್ ಮಣಿ ಮೇಲ್ ನಿಂತ್ಕಂಬುಕ್ ಆತ್ತ್. ಉದ್ದ ಇದ್ದರ್ ಕಾಲ್ ಕಡ್ಕಂಬುಕ್ ಆತ್ತಾ?"

ಗಿಡ್ಡದವರಿಗೆ ಮಣೆ ಸಾಕು, ಉದ್ದದವರು ಕಾಲು ಕಡಿದುಕೊಳ್ಳಬೇಕೇ ಎಂಬ ಮಾತಿಗೆ ನಕ್ಕು, ಭಾಸ್ಕರ ನನ್ನನ್ನು ಗೋಡೆಗೆ ಬೆನ್ನು ಕೊಟ್ಟು ನಿಲ್ಲಿಸಿ, ಮೊಣಕೈ ಮಡಚಲು ಹೇಳಿ, ನೆಲದಿಂದ ಮೊಣಕೈವರೆಗೆ ಟೇಪು ಹಿಡಿದ. ಸಮವಸ್ತ್ರದ ಅಳತೆಗೆ ಸಾಲಿನಲ್ಲಿ ನಿಂತ ಮಗುವಿನಂತೆ ನಾನು ಉಸಿರು ಹಿಡಿದು ನಿಂತೆ. ರವಿಕೆಯ ದರ್ಜಿಯನ್ನು ಬಿಟ್ಟರೆ ಈ ಲೋಕದಲ್ಲಿ ನನ್ನ ಅಳತೆ ತೆಗೆದುಕೊಂಡವರಿಲ್ಲ. ಕಣ್ಣಿಗೆ ನೀರು ಬಂದದ್ದಕ್ಕೆ ಒಗ್ಗರಣೆಯ ನೆಪವೂ ಇರಲಿಲ್ಲ, ಒಲೆ ಆರಿಸಿತ್ತು.

ಕಲ್ಲು ಏನಾಯಿತೆಂದು ಹೇಳಿಬಿಡುತ್ತೇನೆ. ನಾವು ಮುನಿಸಿಕೊಂಡು ಕೂತಿದ್ದ ದಿನಗಳಲ್ಲಿ ಆ ಕಪ್ಪು ಗ್ರಾನೈಟು ಬೇರೆ ಯಾರದೋ ಮನೆಗೆ ಹೋಗಿಬಿಟ್ಟಿತ್ತು. ನಾನು ಸ್ಟೀಲೇ ಆಗಲಿ ಎಂದೆ. ಇವರು ಬೇಡ, ಕಲ್ಲೇ ಆಗಲಿ ಎಂದರು. ಇಬ್ಬರೂ ಉದಾರಿಗಳಾಗಿ ಮತ್ತೊಂದು ವಾರ ಹಾಳಾಯಿತು. ಕೊನೆಗೆ ಸುಮ ಬ್ರಹ್ಮಾವರದಿಂದ ಕಂದು ಬಣ್ಣದ, ಅಲ್ಲಲ್ಲಿ ಚುಕ್ಕೆಯಿರುವ ಕಲ್ಲೊಂದನ್ನು ತಾನೇ ಆರಿಸಿ ಟೆಂಪೋದಲ್ಲಿ ಕಳಿಸಿಕೊಟ್ಟಳು. ನಾವು ನೋಡಿ ನೋಡಿ ಬಿಟ್ಟಿದ್ದ ಕಲ್ಲುಗಳಲ್ಲಿ ಅದು ಇರಲೇ ಇಲ್ಲ. ಚೆನ್ನಾಗಿಯೇ ಇದೆ.

ಈಗ ಬೆಳಗಿನ ಅಡುಗೆ ಇವರದ್ದು, ರಾತ್ರಿಯದ್ದು ನನ್ನದು. ಇವರು ಹಲಸಿನ ಹಲಗೆಯ ಮೇಲೆ ನಿಂತು ನೀರುದೋಸೆ ಹೊಯ್ಯುತ್ತಾರೆ. ನಾನು ನಿಂತಲ್ಲಿ ನೆಟ್ಟಗಿದ್ದೇನೆ. ಆದರೆ ಸುಖವಾಗಿದ್ದೇವೆ ಎಂದು ಹೇಳಿ ಮುಗಿಸಿದರೆ ಸುಳ್ಳಾದೀತು. ನಾನು ಎಡಕ್ಕಿಟ್ಟ ಸಾಸಿವೆ ಡಬ್ಬಿಯನ್ನು ಇವರು ಬಲಕ್ಕಿಡುತ್ತಾರೆ. ಹೋಟೆಲಿನಲ್ಲಿ ಹಾಗೇ ಇತ್ತಂತೆ. ತೆಂಗಿನಕಾಯಿ ಜಾಸ್ತಿಯಾಯಿತು ಎಂದು ನಾನು, ಉಪ್ಪು ಕಡಿಮೆಯಾಯಿತು ಎಂದು ಇವರು. ಒಗ್ಗರಣೆಗೆ ಮೊದಲು ಕರಿಬೇವೋ ಬೆಳ್ಳುಳ್ಳಿಯೋ ಎಂಬ ಬಗ್ಗೆ ನಿನ್ನೆ ನಾವು ಮಾತುಬಿಡುವ ಹಂತಕ್ಕೆ ಹೋದೆವು. ಅಪ್ಪನಿಂದ ಸುದ್ದಿ ತಿಳಿದ ಸುಮ ಗಾಬರಿಯಾಗಿ ಫೋನು ಮಾಡಿ ಏನಮ್ಮ ಇದು, ಈ ವಯಸ್ಸಿನಲ್ಲಿ ಎಂದು ಕೇಳಿದಳು. ಅವಳಿಗೆ ಹೇಗೆ ಹೇಳುವುದು? ಬೇರೆ ಗಂಡಹೆಂಡಿರು ಮದುವೆಯಾದ ಮೊದಲ ವರ್ಷ ಆಡಿ ಮುಗಿಸುವ ಜಗಳಗಳಿವು. ನಮಗೆ ಆಗ ಜಗಳವಾಡಲು ಪುರುಸೊತ್ತು ಸಿಕ್ಕಿರಲಿಲ್ಲ. ಒಂದೂ ಬಿಡದೆ ಆಡಿ ಮುಗಿಸಬೇಕೆಂದಿದ್ದೇವೆ.