ಗಡ್ಡ, ಜುಟ್ಟು ಮತ್ತು ಅಮಲ್ದಾರನ ಪಾರ್ಟು

ಅರವತ್ತರ ದಶಕದಲ್ಲಿ ಸಾಗರದಲ್ಲಿ ನಮ್ಮದೊಂದು ಹವ್ಯಾಸಿ ನಾಟಕ ತಂಡವಿತ್ತು. ನಾಟಕ ಬರೆಯುತ್ತಿದ್ದವನು ನಾನು. ಎಂ.ಎ. ಮುಗಿಸಿ ಬಂದು ಮೇಷ್ಟ್ರಾಗಿದ್ದೆ. ಬರೆಯಲು ಅಷ್ಟು ಸಾಕೆಂದು ಎಲ್ಲರೂ ನಂಬಿದ್ದರು. ನನ್ನ ಪ್ರತಿ ನಾಟಕದಲ್ಲೂ ಒಬ್ಬ ಅಮಲ್ದಾರ, ಹವ್ಯಕ ಮಾತಿನ ಒಬ್ಬ ಅಡಿಗೆ ಭಟ್ಟ, ಗಡ್ಡದ ಒಬ್ಬ ಸಾಬಿ ಇರಲೇಬೇಕು. ಸಾಬಿ ಹರಕು ಮುರುಕು ಕನ್ನಡ ಆಡಬೇಕು, ಜನ ನಗಬೇಕು. ಆ ಪಾತ್ರ ನಮಗೆ ಮೈಕ್ ಸೆಟ್ ತರುತ್ತಿದ್ದ ಸಾಹೇಬರಿಗೇ ಮೀಸಲು. ಅವರಿಗೆ ಗಡ್ಡವಿರಲಿಲ್ಲ, ಅಂಟಿಸುತ್ತಿದ್ದೆವು. ಅವರ ಕನ್ನಡ ನನ್ನದಕ್ಕಿಂತ ಚೆನ್ನಾಗಿತ್ತು, ಕೆಡಿಸಿ ಬರೆದುಕೊಡುತ್ತಿದ್ದೆ. ಅಂಥ ಕನ್ನಡ ಆಡುವ ಸಾಬರನ್ನು ನಾನು ಕಂಡದ್ದಾದರೂ ಎಲ್ಲಿ? ಯೋಚಿಸಿದರೆ, ಬೇರೆಯವರ ನಾಟಕಗಳಲ್ಲಿ.

“ಮೇಷ್ಟ್ರೇ, ಒಂದ್ಸಲ ನಂಗೆ ಅಮಲ್ದಾರ್ ಪಾರ್ಟು ಕೊಡಿ. ಈ ಗೋಂದಿಗೆ ಕೆನ್ನೆ ಕಿತ್ತು ಬರ್ತದೆ,” ಎನ್ನುತ್ತಿದ್ದರು.

“ಅಮಲ್ದಾರ್ ಅಂದ್ರೆ ಒಂದು ಗತ್ತು ಬೇಕು ಸಾಹೇಬ್ರೇ.”

ಅಮಲ್ದಾರನ ಪಾರ್ಟು ಯಾವಾಗಲೂ ನನ್ನದೇ ಎಂಬುದನ್ನು ಇಲ್ಲಿ ಹೇಳಿಬಿಡಬೇಕು.

ಒಂದು ವರ್ಷ ಭಟ್ಟನ ಪಾತ್ರಕ್ಕೆ ಮೈಸೂರು ಕಡೆಯ ಗುಮಾಸ್ತರೊಬ್ಬರು ಸಿಕ್ಕಿದರು. ರಿಹರ್ಸಲ್‌ನಲ್ಲಿ ಊಟದ ದೃಶ್ಯ. ಎಲೆಯ ಮುಂದೆ ಬಗ್ಗಿ “ಪಾಯಸ ಬೇಕಾ?” ಎಂದರು. ಕೂತವನು ಬೇಡ ಎಂದ. “ಸರಿ” ಎಂದು ಮುಂದಿನ ಎಲೆಗೆ ನಡೆದೇಬಿಟ್ಟರು! ಹವ್ಯಕರ ಮನೆಯಲ್ಲೇ ಹುಟ್ಟಿದ ನನಗೂ ಅದರಲ್ಲಿ ಏನೂ ತಪ್ಪೆನಿಸಲಿಲ್ಲ. ಹಾಸ್ಟೆಲ್ ಊಟ ನನ್ನನ್ನು ಅಷ್ಟು ತಿದ್ದಿತ್ತು. ಮೂಲೆಯಲ್ಲಿ ವೈರು ಸುತ್ತುತ್ತಿದ್ದ ಸಾಹೇಬರು ಎದ್ದು ಬಂದರು.

“ಬ್ಯಾಡ ಅಂದ್ರೆ ಬಿಡೋ ಭಟ್ರು ಎಲ್ಲಿದಾರೆ? ಮದುವೆ ಮನೇಲಿ ರೆಕಾರ್ಡ್ ಹಾಕಿ ಕೂತು ನೋಡ್ತೀನಲ್ಲ!” ಸೌಟು ಕಸಿದುಕೊಂಡು ಎಲೆಯ ಮುಂದೆ ನಿಂತರು, ಮಾತು ಹವ್ಯಕಕ್ಕೆ ತಿರುಗಿತು: “ಒಂದೇ ಸೌಟು ಹಾಕ್ತಿ, ಬ್ಯಾಡ ಹೇಳಡಿ. ಹೊಟ್ಟೆಗೆ ಎಂತೂ ಆಗ್ತಿಲ್ಲೆ!” ಮೂರು ಸಲ ಒತ್ತಾಯ ಮಾಡಿ, ಪಾತ್ರೆಯಲ್ಲಿಲ್ಲದ ಪಾಯಸವನ್ನು ಬಡಿಸಿಯೇ ಕದಲಿದರು.

ಗಡ್ಡ ಗುಮಾಸ್ತರಿಗೆ ಹೋಯಿತು, ಭಟ್ಟನ ಜುಟ್ಟು ಸಾಹೇಬರ ತಲೆಗೇರಿತು.

ನಾಟಕ ರಿಪ್ಪನ್‌ಪೇಟೆಯಲ್ಲಿ. ಮುಗಿದ ಮೇಲೆ ಅಜ್ಜಿಯೊಬ್ಬರು ಜುಟ್ಟಿನ ಸಾಹೇಬರನ್ನು ಹುಡುಕಿಕೊಂಡು ಬಂದು, “ಮೊಮ್ಮಗನ ಉಪನಯನಕ್ಕೆ ಅಡಿಗೆಗೆ ಬತ್ಯಾ ತಮಾ?” ಎಂದು ಕೇಳಿದರು. “ಬತ್ತಿ ಅಮಾ, ಮೈಕೂ ತಗಂಡು ಬತ್ತಿ,” ಎಂದರು ಇವರು. ಇದನ್ನು ಕಣ್ಣಾರೆ ಕಂಡವನಂತೆ ಎಷ್ಟೋ ಜನರಿಗೆ ಹೇಳಿದ್ದೇನೆ. ದಿನಚರಿ ತೆಗೆದರೆ ಅಜ್ಜಿಯ ಸುಳಿವೇ ಇಲ್ಲ. “ನಾಟಕ ಚೆನ್ನಾಯಿತು. ನನ್ನ ಅಮಲ್ದಾರನಿಗೆ ಚಪ್ಪಾಳೆ” ಎಂದಷ್ಟೇ ಇದೆ. ಅಜ್ಜಿಯ ಕತೆಯನ್ನು ಸಾಹೇಬರು ಕಟ್ಟಿ ಹೇಳಿದರೋ, ಚಪ್ಪಾಳೆಯ ಕತೆಯನ್ನು ನಾನು ಕಟ್ಟಿ ಬರೆದೆನೋ!

ಮರುವರ್ಷ ಪಾತ್ರ ಹಂಚುವಾಗ ಚರ್ಚೆಯೇ ಆಗಲಿಲ್ಲ. ಭಟ್ಟ ಎಂದರೆ ಸಾಹೇಬರೇ ಎಂದಾಗಿತ್ತು. ಅವರು ಜುಟ್ಟನ್ನು ಕೈಯಲ್ಲಿ ಹಿಡಿದು ತಿರುಗಿಸಿ ನೋಡಿದರು.

“ಗಡ್ಡ ಹೋಗಿ ಜುಟ್ಟು ಬಂತು. ಅಮಲ್ದಾರ್ ಯಾವಾಗ ಮೇಷ್ಟ್ರೇ?”

ಅಳತೆ ನೋಡುವ ನೆಪದಲ್ಲಿ ಅಮಲ್ದಾರನ ಕೋಟು ಆಗಲೇ ನನ್ನ ಮೈಮೇಲಿತ್ತು. ಕೇಳಿಸದವನಂತೆ ಗುಂಡಿ ಹಾಕಿಕೊಳ್ಳುತ್ತಾ ನಿಂತೆ. ಇದೂ ದಿನಚರಿಯಲ್ಲಿಲ್ಲ. ಆದರೆ ಇದರ ಬಗ್ಗೆ ನನಗೆ ಅನುಮಾನವಿಲ್ಲ.